ಹಾಡುವವರೊಬ್ಬರು, ಹಾಡು ನಾಲ್ವರದು: ಇಂಡಿ ಬ್ಯಾಂಡ್‌ನ ಮುಖ್ಯ ಗಾಯಕರ ಬದುಕು ನಡೆಯುವ ಬಗೆ

2024ರ ಜೂನ್ 13ರಂದು ನ್ಯೂಯಾರ್ಕ್‌ನಲ್ಲಿ ಆರ್.ಇ.ಎಂ. ಎಂಬ ಅಮೆರಿಕದ ರಾಕ್ ಬ್ಯಾಂಡ್‌ನ ನಾಲ್ವರೂ ಒಟ್ಟಿಗೆ ವೇದಿಕೆ ಹತ್ತಿ ಒಂದೇ ಒಂದು ಹಾಡು ಹಾಡಿ ಇಳಿದರು. ಬ್ಯಾಂಡ್ ಮುಗಿದು ಹದಿಮೂರು ವರ್ಷವಾಗುತ್ತ ಬಂದಿತ್ತು. ಡ್ರಮ್ ಬಾರಿಸುತ್ತಿದ್ದ ಬಿಲ್ ಬೆರ್ರಿ ಬ್ಯಾಂಡ್ ಬಿಟ್ಟು ಇಪ್ಪತ್ತಾರು ವರ್ಷ ದಾಟಿತ್ತು. ಅಂದು ಅವರಿಗೆ ಸಂದದ್ದು ‘ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್’ ಗೌರವ. ಅದು ಹಾಡು ಕಟ್ಟಿದವರಿಗೆ ಸಲ್ಲುವಂಥದ್ದು, ಹಾಡಿದವರಿಗೆ ಅಥವಾ ನುಡಿಸಿದವರಿಗೆ ಅಲ್ಲ. ಸಾಹಿತ್ಯ ಬರೆದು ಹಾಡಿದ ಮೈಕಲ್ ಸ್ಟೈಪ್ ಅವರಿಗೆ ಅದು ಸಿಕ್ಕಿದ್ದು ಸಹಜ. ಡ್ರಮ್ಮರ್‌ಗೂ ಅಷ್ಟೇ ಸಮನಾಗಿ ಏಕೆ ಸಿಕ್ಕಿತು? ಹೆಸರೂ ಹಣವೂ ಇಲ್ಲದ ಕಾಲದಲ್ಲಿ ನಾಲ್ವರೂ ಮಾಡಿಕೊಂಡ ಒಂದು ಒಪ್ಪಂದದಿಂದಾಗಿ.

ನಮ್ಮಲ್ಲಿ ಈಗ ಕಾಲೇಜು ಮುಗಿಸುವ ಹೊತ್ತಿಗೆ ಬ್ಯಾಂಡ್ ಕಟ್ಟಿ ಸ್ವಂತ ಹಾಡು ಬಿಡುವವರು ಹೆಚ್ಚುತ್ತಿದ್ದಾರೆ. ಮಗಳೋ ಮಗನೋ ‘ನಾನು ಬ್ಯಾಂಡ್‌ನಲ್ಲಿ ಹಾಡ್ತೀನಿ’ ಅಂದಾಗ ಮನೆಯವರಿಗೆ ತಕ್ಷಣ ಅರ್ಥವಾಗದ ಸಂಗತಿಗಳು ಹಲವು. ಈ ಕೆಲಸದಲ್ಲಿ ದುಡ್ಡು ಎಲ್ಲಿಂದ ಬರುತ್ತದೆ, ಹಾಡು ಯಾರ ಆಸ್ತಿ, ಗಂಟಲು ಎಷ್ಟು ವರ್ಷ ತಡೆಯುತ್ತದೆ? ಸ್ಟೈಪ್ ಅವರ ಮೂವತ್ತೊಂದು ವರ್ಷದ ವೃತ್ತಿಜೀವನವನ್ನು ಮುಂದಿಟ್ಟುಕೊಂಡು ಇವನ್ನು ಒಂದೊಂದಾಗಿ ಬಿಡಿಸಿ ನೋಡಬಹುದು.

## ಇಂಡಿ ಅಂದರೇನು, ಮುಖ್ಯ ಗಾಯಕ ಅಂದರೆ ಯಾರು

‘ಇಂಡಿ’ ಎಂಬುದು ಇಂಡಿಪೆಂಡೆಂಟ್ ಎಂಬ ಮಾತಿನ ಮೊಟಕು. ಪುಸ್ತಕಕ್ಕೆ ಪ್ರಕಾಶಕರಿರುವಂತೆ ಹಾಡಿಗೆ ‘ಲೇಬಲ್’ ಇರುತ್ತದೆ: ರೆಕಾರ್ಡಿಂಗ್‌ಗೆ ಹಣ ಹಾಕಿ, ಮಾರಿ, ಲಾಭದಲ್ಲಿ ಪಾಲು ತೆಗೆದುಕೊಳ್ಳುವ ಸಂಸ್ಥೆ. ಜಗತ್ತಿನ ಈ ವ್ಯಾಪಾರದ ದೊಡ್ಡ ಪಾಲು ಈಗ ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂರು ಕಂಪನಿಗಳ ಕೈಯಲ್ಲಿದೆ. ಇವುಗಳ ಹೊರಗೆ, ಸಣ್ಣ ಲೇಬಲ್ ಮೂಲಕವೋ ಕೈಯಿಂದ ದುಡ್ಡು ಹಾಕಿಯೋ ಹಾಡು ಹೊರತರುವವರು ಇಂಡಿ. ಭಾರತದಲ್ಲಿ ಇದರ ಜೊತೆ ಇನ್ನೊಂದು ಅರ್ಥವೂ ಸೇರಿಕೊಂಡಿದೆ: ಸಿನಿಮಾಕ್ಕಾಗಿ ಮಾಡದ ಹಾಡು.

ನಮ್ಮ ಭಾವಗೀತೆಯಲ್ಲಿ ಕವಿ ಬೇರೆ, ರಾಗ ಹಾಕುವವರು ಬೇರೆ, ಹಾಡುವವರು ಬೇರೆ. ಸಿನಿಮಾದಲ್ಲೂ ಹಾಗೆಯೇ. ಬ್ಯಾಂಡ್‌ನ ಮುಖ್ಯ ಗಾಯಕರು ಸಾಮಾನ್ಯವಾಗಿ ಈ ಮೂರರಲ್ಲಿ ಎರಡನ್ನಾದರೂ ತಾವೇ ಮಾಡುತ್ತಾರೆ. ಜೊತೆಗೆ ಸಭಿಕರೊಡನೆ ಮಾತು, ಪತ್ರಿಕೆಗಳಿಗೆ ಸಂದರ್ಶನ, ಪೋಸ್ಟರ್‌ನಲ್ಲಿ ಮುಖ. ಹತ್ತಿರದ ಹೋಲಿಕೆ ಬೇಕೆಂದರೆ ಯಕ್ಷಗಾನದ ಭಾಗವತರನ್ನು ನೆನೆಯಬಹುದು: ಹಾಡುವುದಷ್ಟೇ ಅಲ್ಲ, ಆಟದ ಓಟವೇ ಅವರ ಕೈಯಲ್ಲಿ. ಆದರೆ ಭಾಗವತರ ಮುಂದೆ ವೇಷಧಾರಿಗಳಿರುತ್ತಾರೆ. ಬ್ಯಾಂಡ್ ಗಾಯಕರ ಮುಂದೆ ಜನ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. ಹೊರಗಿನವರಿಗೆ ಬ್ಯಾಂಡ್ ಎಂದರೆ ಅವರೊಬ್ಬರೇ ಎನಿಸಲು ಇದೇ ಕಾರಣ. ಬ್ಯಾಂಡ್ ಒಡೆಯುವ ಜಗಳಗಳಲ್ಲಿ ಬಹಳಷ್ಟು ಶುರುವಾಗುವುದೂ ಇಲ್ಲಿಂದಲೇ.

## ಸೈನಿಕನ ಮಗ, ಹಳೆಯ ಚರ್ಚು, ಸಾವಿರ ಪ್ರತಿ

ಸ್ಟೈಪ್ ಹುಟ್ಟಿದ್ದು 1960ರ ಜನವರಿ 4ರಂದು, ಅಮೆರಿಕದ ಜಾರ್ಜಿಯಾ ರಾಜ್ಯದ ಡೆಕೇಟರ್‌ನಲ್ಲಿ. ತಂದೆ ಸೈನ್ಯದಲ್ಲಿದ್ದರು. ವರ್ಗಾವಣೆಯಾದಲ್ಲೆಲ್ಲ ಸಂಸಾರವೂ ಹೋಗುತ್ತಿತ್ತು, ಜರ್ಮನಿಯೂ ಅದರಲ್ಲೊಂದು. ಹದಿನೈದರ ವಯಸ್ಸಿನಲ್ಲಿ ಅಮೆರಿಕದ ಗಾಯಕಿ ಪ್ಯಾಟಿ ಸ್ಮಿತ್ ಅವರ ಮೊದಲ ಆಲ್ಬಂ ಕೇಳಿದ್ದು ಅವರನ್ನು ಹಾಡಿನ ಕಡೆ ತಿರುಗಿಸಿತು. ಮುಂದೆ ಜಾರ್ಜಿಯಾದ ಅಥೆನ್ಸ್ ಊರಿನ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ, ಛಾಯಾಗ್ರಹಣ ಕಲಿಯಲು ಸೇರಿದರು. ಅಲ್ಲಿಯ ವಕ್ಸ್‌ಟ್ರಿ ಎಂಬ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಗಿಟಾರ್ ವಾದಕ ಪೀಟರ್ ಬಕ್ ಪರಿಚಯವಾದದ್ದು ರೆಕಾರ್ಡ್ ಕೊಳ್ಳಲು ಹೋದಾಗ. ಬಾಸ್ ಗಿಟಾರ್ ನುಡಿಸುವ ಮೈಕ್ ಮಿಲ್ಸ್, ಡ್ರಮ್‌ನ ಬೆರ್ರಿ ಆಮೇಲೆ ಸೇರಿದರು. 1980ರ ಏಪ್ರಿಲ್ 5ರಂದು, ತಾವು ಬಾಡಿಗೆಗಿದ್ದ ಹಳೆಯ ಚರ್ಚು ಕಟ್ಟಡದಲ್ಲೇ ಒಬ್ಬ ಗೆಳತಿಯ ಹುಟ್ಟುಹಬ್ಬಕ್ಕೆ ಮೊದಲ ಪ್ರದರ್ಶನ ಕೊಟ್ಟರು. ಬ್ಯಾಂಡ್‌ಗೆ ಹೆಸರು ಸಿಕ್ಕಿದ್ದು ನಿಘಂಟು ತಿರುವಿ ಹಾಕುವಾಗ.

1981ರಲ್ಲಿ ಹಿಬ್-ಟೋನ್ ಎಂಬ ಪುಟ್ಟ ಲೇಬಲ್ ಅವರ ಮೊದಲ ಸಿಂಗಲ್ (ಒಂದು ಹಾಡನ್ನು ಮುಂದಿಟ್ಟು ತರುವ ಸಣ್ಣ ರೆಕಾರ್ಡ್) ತಂದಿತು. ಅಚ್ಚಾದದ್ದು 1,000 ಪ್ರತಿ. ಅದರಲ್ಲಿ 600ನ್ನು ರೇಡಿಯೊಗಳಿಗೆ, ಪತ್ರಿಕೆಗಳಿಗೆ ಉಚಿತವಾಗಿ ಕಳಿಸಲೆಂದೇ ಇಟ್ಟಿದ್ದರು. ಆ ಪ್ರತಿಗಳಲ್ಲಿ ಹೆಚ್ಚಿನವುಗಳ ಮೇಲೆ ಲೇಬಲ್‌ನ ವಿಳಾಸವೇ ಇರಲಿಲ್ಲ. ಹಾಡು ಮೆಚ್ಚಿದವರಿಗೆ ಯಾರನ್ನು ಕೇಳಬೇಕೆಂಬುದು ತಿಳಿಯುವ ದಾರಿ ಇರಲಿಲ್ಲ. ಬಾಯಿಂದ ಬಾಯಿಗೆ ಸುದ್ದಿ ಹರಡಿ ಇನ್ನೂ 6,000 ಪ್ರತಿ ಹಾಕಿಸಬೇಕಾಯಿತು. ವಿಳಾಸ ಹಾಕದೆ ಬಿಟ್ಟದ್ದು ಇವತ್ತಿನ ಲೆಕ್ಕದಲ್ಲಿ, ಇಂಟರ್‌ನೆಟ್‌ನಲ್ಲಿ ಹಾಡು ಕೇಳಿಸುವ ಸ್ಟ್ರೀಮಿಂಗ್ ಸೇವೆಗೆ ಹಾಡು ಏರಿಸುವಾಗ ಸಾಹಿತ್ಯ, ಸಂಗೀತ ಯಾರದೆಂದು ತುಂಬದೆ ಬಿಡುವ ತಪ್ಪಿಗೆ ಸಮ.

ಆ ದಿನಗಳಲ್ಲಿ ಹಳೆಯ ನೀಲಿ ವ್ಯಾನೊಂದರಲ್ಲಿ ಊರೂರು ಸುತ್ತುತ್ತಿದ್ದ ಅವರಿಗೆ ಊಟದ ಭತ್ಯೆ ತಲಾ ದಿನಕ್ಕೆ 2 ಡಾಲರ್. 1982ರಲ್ಲಿ ಐ.ಆರ್.ಎಸ್. ಎಂಬ ಸ್ವತಂತ್ರ ಲೇಬಲ್ ಜೊತೆ ಕರಾರಾಯಿತು. 1983ರಲ್ಲಿ ಬಂದ ಮೊದಲ ಆಲ್ಬಂ ‘ಮರ್ಮರ್’ನಲ್ಲಿ ಸ್ಟೈಪ್ ಹಾಡಿದ್ದು ಸ್ಪಷ್ಟವಾಗಿ ಕೇಳಿಸುವುದೇ ಇಲ್ಲ. ಸ್ಟುಡಿಯೊದ ಮೆಟ್ಟಿಲ ಹಾದಿಯಲ್ಲಿ, ದೀಪ ಆರಿಸಿಕೊಂಡು, ಪದಗಳನ್ನು ನುಂಗಿ ನುಂಗಿ ಹಾಡಿದ್ದರು. 1986ರ ಆಲ್ಬಂನ ಮುದ್ರಣ ನಡೆಸಿಕೊಟ್ಟ ಡಾನ್ ಗೆಮನ್ ಉಚ್ಚಾರ ಬಿಡಿಸಿ ಹಾಡುವಂತೆ ಒತ್ತಾಯಿಸಿದರು. ಮರುವರ್ಷವೇ ಬ್ಯಾಂಡ್‌ಗೆ ಅಮೆರಿಕದ ಮೊದಲ ಹತ್ತರೊಳಗಿನ ಹಾಡು ದಕ್ಕಿತು. ಕಂಠ ಅದೇ. ಹಾಡಿನ ಹಿಂದೆ ಅಡಗಿದ್ದವರು ಮುಂದೆ ಬಂದು ನಿಂತದ್ದು ಹೊಸತು.

## ಒಂದು ಹಾಡು, ಎರಡು ಆಸ್ತಿ

ಈ ಭಾಗ ತಿಳಿದರೆ ಉಳಿದದ್ದೆಲ್ಲ ಸಲೀಸು. ಪ್ರತಿ ಹಾಡಿನಲ್ಲೂ ಎರಡು ಬೇರೆ ಬೇರೆ ಆಸ್ತಿಗಳಿವೆ.

ಮೊದಲನೆಯದು ಕೃತಿ: ಸಾಹಿತ್ಯ ಮತ್ತು ಧಾಟಿ. ಇದು ಮನೆಯ ನಕ್ಷೆ ಇದ್ದಂತೆ. ಯಾರು ಎಲ್ಲಿ ಹಾಡಿದರೂ ಬರೆದವರಿಗೆ, ರಾಗ ಕಟ್ಟಿದವರಿಗೆ ಪಾಲು. ಎರಡನೆಯದು ಧ್ವನಿಮುದ್ರಣ, ರೂಢಿಯ ಮಾತಿನಲ್ಲಿ ‘ಮಾಸ್ಟರ್’. ಇದು ಆ ನಕ್ಷೆಯಂತೆ ಕಟ್ಟಿದ ಒಂದು ಮನೆ. ಅದೇ ಹಾಡನ್ನು ಇನ್ನೊಬ್ಬರು ಹಾಡಿ ಮುದ್ರಿಸಿದರೆ ಅದು ಎರಡನೆಯ ಮನೆ. ನಕ್ಷೆ ಮಾತ್ರ ಮೊದಲಿನದೇ.

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಸಾಹಿತ್ಯಕ್ಕೆ ಬರೆದವರು, ಸಂಗೀತಕ್ಕೆ ಸಂಯೋಜಕರು, ಧ್ವನಿಮುದ್ರಣಕ್ಕೆ ಅದನ್ನು ಮಾಡಿಸುವ ಹೊಣೆ ಹೊತ್ತ ನಿರ್ಮಾಪಕರು ಕರ್ತೃಗಳು. ಹಾಡಿದವರಿಗೆ, ನುಡಿಸಿದವರಿಗೆ ‘ಪ್ರದರ್ಶಕರ ಹಕ್ಕು’ ಎಂಬ ಬೇರೆಯದೇ ಹಕ್ಕಿದೆ. ಹೊಸ ಬ್ಯಾಂಡ್‌ಗಳು ಎಡವುವುದು ‘ನಿರ್ಮಾಪಕ’ ಎಂಬ ಪದದಲ್ಲಿ. ಪರಿಚಯದವರೊಬ್ಬರು ಸ್ಟುಡಿಯೊ ಖರ್ಚು ಕೊಟ್ಟು, ಎಲ್ಲ ತಾವೇ ಏರ್ಪಾಡು ಮಾಡಿ, ಯಾವ ಕಾಗದವೂ ಇಲ್ಲದೆ ರೆಕಾರ್ಡಿಂಗ್ ಮುಗಿದರೆ, ಮಾಸ್ಟರ್ ತಮ್ಮದೇ ಎಂದು ಹೇಳಲು ಅವರಿಗೆ ಕಾಯಿದೆಯಲ್ಲೇ ಆಧಾರವಿರುತ್ತದೆ. ಉಪಕಾರ ಮಾಡಿದವರನ್ನು ಕಾಗದ ಕೇಳುವುದು ಹೇಗೆ ಎಂಬ ಸಂಕೋಚ ಇಲ್ಲಿ ಬಹಳ ದುಬಾರಿ.

ಡ್ರಮ್ಮರ್‌ನ ಸ್ಥಿತಿ ಇನ್ನೂ ನಾಜೂಕು. ಲಯ ಹೇಗಿರಬೇಕು, ಪಲ್ಲವಿ ಎಲ್ಲಿ ಏರಬೇಕು ಎಂದು ತಿಂಗಳುಗಟ್ಟಲೆ ಅವರು ದುಡಿದಿರಬಹುದು. ಸಂಯೋಜಕರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅವರಿಗೆ ಸಿಗುವುದು ನುಡಿಸಿದ್ದಕ್ಕೆ ಬರುವಷ್ಟು ಮಾತ್ರ. ಅಮೆರಿಕದಲ್ಲಂತೂ ಎ.ಎಂ., ಎಫ್.ಎಂ. ರೇಡಿಯೊದಲ್ಲಿ ಹಾಡು ಬಂದರೆ ಹಣ ಹೋಗುವುದು ಕೃತಿಯ ಕರ್ತೃಗಳಿಗೆ; ಹಾಡಿದವರಿಗೂ ಇಲ್ಲ, ನುಡಿಸಿದವರಿಗೂ ಇಲ್ಲ. ಒಂದು ಹಾಡು ರೇಡಿಯೊದಲ್ಲಿ ಗೆದ್ದರೆ, ಒಂದೇ ವ್ಯಾನಿನಲ್ಲಿ ಮಲಗಿದ್ದ ನಾಲ್ವರಲ್ಲಿ ಬರೆದವರೊಬ್ಬರು ಮನೆ ಕಟ್ಟಿಸುತ್ತಾರೆ, ಉಳಿದವರು ಬಾಡಿಗೆಗೆ ಪರದಾಡುತ್ತಾರೆ.

## ಸಮಪಾಲು, ಮತ್ತು ಬೇಡ ಎನ್ನುವ ಹಕ್ಕು

ಆರ್.ಇ.ಎಂ. ತನ್ನ ಹಾಡುಗಳಿಗೆಲ್ಲ ‘ಬೆರ್ರಿ, ಬಕ್, ಮಿಲ್ಸ್, ಸ್ಟೈಪ್’ ಎಂದು ಅಕಾರಾದಿಯಲ್ಲಿ ನಾಲ್ಕೂ ಹೆಸರು ಹಾಕಿತು. ಪಾಲು ತಲಾ ನಾಲ್ಕಾಣೆ. ಎರಡನೆಯ ನಿಯಮ: ಒಬ್ಬರು ಬೇಡ ಅಂದರೂ ಆ ಕೆಲಸ ಆಗಕೂಡದು. ಮೂವರ ಬಹುಮತಕ್ಕೆ ಬೆಲೆ ಇಲ್ಲ.

ಇದು ಬರೀ ಔದಾರ್ಯವಲ್ಲ, ಅವರು ಕೆಲಸ ಮಾಡುತ್ತಿದ್ದ ರೀತಿಗೂ ಸರಿಹೊಂದುತ್ತಿತ್ತು. ಉಳಿದ ಮೂವರು ವಾದ್ಯದ ಭಾಗಗಳನ್ನು ಕಟ್ಟಿ ಟೇಪ್‌ನಲ್ಲಿ ಹಾಕಿ ಕೊಡುತ್ತಿದ್ದರು; ಸ್ಟೈಪ್ ಅದರ ಮೇಲೆ ಹಾಡುವ ಧಾಟಿಯನ್ನೂ ಪದಗಳನ್ನೂ ಕೂರಿಸುತ್ತಿದ್ದರು. 1991ರ ‘ಲೂಸಿಂಗ್ ಮೈ ರಿಲಿಜನ್’ ಮೊಳೆತದ್ದು ಪೀಟರ್ ಬಕ್ ಮ್ಯಾಂಡೊಲಿನ್ ಕಲಿಯುತ್ತ ನುಡಿಸಿದ ಒಂದು ಸಾಲಿನಿಂದ. ಅದನ್ನು ಯಾರ ಹಾಡು ಅನ್ನುವುದು? (ಅದರ ವಿಡಿಯೊ ಮಾಡಿದವರು ಜಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ವಿಡಿಯೊಗಳಲ್ಲಿ ತುಟಿ ಆಡಿಸಿ ಹಾಡುವಂತೆ ನಟಿಸಲು ಒಪ್ಪದಿದ್ದ ಸ್ಟೈಪ್ ಮೊದಲು ಒಪ್ಪಿದ್ದು ಇದಕ್ಕೇ.) ಇನ್ನೊಂದು ಪ್ರಸಿದ್ಧ ಹಾಡು, ‘ಎವ್ರಿಬಡಿ ಹರ್ಟ್ಸ್’, ಬಹುಪಾಲು ಕಟ್ಟಿದವರು ಡ್ರಮ್ಮರ್ ಬೆರ್ರಿ, ಮುದ್ರಣದಲ್ಲಿ ಬಹುಮಟ್ಟಿಗೆ ಕೇಳುವುದು ಅವರ ಡ್ರಮ್ ಅಲ್ಲ, ಡ್ರಮ್ ಮೆಷಿನ್. ಅಳತೆ ಮಾಡಿ ಹಂಚಲು ಹೊರಟಿದ್ದರೆ ಪ್ರತಿ ಹಾಡಿಗೂ ಪಂಚಾಯಿತಿ ಸೇರಬೇಕಿತ್ತು. ಸಮಪಾಲಿನಿಂದ ಆದ ದೊಡ್ಡ ಉಪಯೋಗವೆಂದರೆ, ಆಲ್ಬಂಗೆ ಯಾವ ಹಾಡು ಸೇರಬೇಕು ಎಂಬ ಚರ್ಚೆಯಿಂದ ಹಣದ ಆಸೆ ಹೊರಗುಳಿಯಿತು. ತನ್ನ ಹಾಡೇ ಇರಲಿ ಎಂದು ಹಟ ಹಿಡಿದರೆ ಯಾರಿಗೂ ಹೆಚ್ಚು ಕಾಸು ಬರುತ್ತಿರಲಿಲ್ಲ.

ಸಮಪಾಲು ಎಲ್ಲ ಬ್ಯಾಂಡ್‌ಗೂ ಒಗ್ಗುವುದಿಲ್ಲ. ಒಬ್ಬರೇ ಪೂರ್ತಿ ಹಾಡು ತಂದು, ಉಳಿದವರು ಹೇಳಿದ್ದನ್ನು ನುಡಿಸುವ ಕಡೆ ಬೇರೆ ಹಂಚಿಕೆ ನ್ಯಾಯ. ಬಳಕೆಯಲ್ಲಿರುವ ಒಂದು ದಾರಿ: ಸಾಹಿತ್ಯಕ್ಕೆ 50, ಸಂಗೀತಕ್ಕೆ 50 ಎಂದು ನೂರನ್ನು ಒಡೆದು, ಸಂಗೀತದ ಐವತ್ತನ್ನು ಆ ದಿನ ಕೋಣೆಯಲ್ಲಿ ಕೂತು ಕಟ್ಟಿದವರೊಳಗೆ ಹಂಚುವುದು. ಯಾವ ದಾರಿಯಾದರೂ ಸರಿ, ಹಾಡು ಮುಗಿದ ವಾರದಲ್ಲೇ ಒಂದು ಹಾಳೆಯಲ್ಲಿ ಬರೆಯಬೇಕು: ಹಾಡಿನ ಹೆಸರು, ದಿನಾಂಕ, ಪ್ರತಿಯೊಬ್ಬರ ದಾಖಲೆಯಲ್ಲಿರುವ ಪೂರ್ಣ ಹೆಸರು, ಸಾಹಿತ್ಯದಲ್ಲಿ ಶೇಕಡಾ ಎಷ್ಟು, ಸಂಗೀತದಲ್ಲಿ ಎಷ್ಟು, ಮಾಸ್ಟರ್ ಯಾರದು, ಎಲ್ಲರ ಸಹಿ. ಇದನ್ನು ‘ಸ್ಪ್ಲಿಟ್ ಶೀಟ್’ ಎನ್ನುತ್ತಾರೆ. ಹಾಡು ಗೆದ್ದ ಮೇಲೆ ಇದೇ ಹಾಳೆಗೆ ಸಹಿ ಹಾಕಿಸಲು ಹೋದರೆ ಪ್ರತಿಯೊಬ್ಬರಿಗೂ ತಮ್ಮ ಕೆಲಸ ದೊಡ್ಡದಾಗಿ ಕಾಣುತ್ತದೆ. ಅದು ಮನುಷ್ಯಸಹಜ.

## ಮುಂಗಡ ಅಂದರೆ ಸಂಬಳವಲ್ಲ

ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಮಂಡಿಯಿಂದ ಮುಂಗಡ ತಂದರೆ, ಫಸಲು ಬಂದಾಗ ಮೊದಲು ಮುಂಗಡ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಲೇಬಲ್‌ನ ಮುಂಗಡವೂ ಹೀಗೆಯೇ, ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಮಂಡಿಯಲ್ಲಿ ಮುರಿದುಕೊಳ್ಳುವುದು ಇಡೀ ಫಸಲಿನ ಬೆಲೆಯಿಂದ. ಲೇಬಲ್ ಮುರಿದುಕೊಳ್ಳುವುದು ಬ್ಯಾಂಡ್‌ನ ಪಾಲಿನಿಂದ ಮಾತ್ರ.

ಉದಾಹರಣೆಗೆಂದು ಒಂದು ಲೆಕ್ಕ. ಮುಂಗಡ 10 ಲಕ್ಷ, ಬ್ಯಾಂಡ್‌ನ ಪಾಲು ಶೇ 15 ಇರಲಿ. ಹಾಡುಗಳಿಂದ 40 ಲಕ್ಷ ಬಂತು. ಲೇಬಲ್ ಹಾಕಿದ್ದರ ನಾಲ್ಕು ಪಟ್ಟು ಬಂದಾಯಿತು. ಬ್ಯಾಂಡ್‌ನ ಪಾಲು 6 ಲಕ್ಷ, ಹಾಗಾಗಿ ಪುಸ್ತಕದಲ್ಲಿ ಬ್ಯಾಂಡ್ ಇನ್ನೂ 4 ಲಕ್ಷ ಬಾಕಿ. ಮುಂದಿನ ಆಲ್ಬಂನ ಖರ್ಚನ್ನೂ ಇದೇ ಖಾತೆಗೆ ಸೇರಿಸುವ ಷರತ್ತಿದ್ದರೆ ಬಾಕಿ ತೀರುವುದೇ ಇಲ್ಲ. ಕರಾರಿನಲ್ಲಿ ಮೊದಲು ಹುಡುಕಬೇಕಾದ ಸಾಲು ಅದು.

ಐ.ಆರ್.ಎಸ್.ಗೆ ಐದು ಪೂರ್ಣ ಆಲ್ಬಂ ಕೊಟ್ಟ ಮೇಲೆ, 1988ರಲ್ಲಿ ಆರ್.ಇ.ಎಂ. ವಾರ್ನರ್ ಕಂಪನಿಗೆ ಹೋಯಿತು. ಹೊರದೇಶಗಳಲ್ಲಿ ತಮ್ಮ ರೆಕಾರ್ಡ್ ಸರಿಯಾಗಿ ತಲುಪುತ್ತಿಲ್ಲ ಎಂಬುದು ಅವರ ಮುಖ್ಯ ಅತೃಪ್ತಿ. ದೊಡ್ಡ ಕಂಪನಿಗೆ ಹೋದರೂ ಅಲ್ಲಿ ಮಾಡಿದ ಮಾಸ್ಟರ್‌ಗಳ ಒಡೆತನ ತಮ್ಮ ಬಳಿಯೇ ಉಳಿಸಿಕೊಂಡರು. ಐದು ಆಲ್ಬಂ ಕಾಲ ಕಾದು, ಕೇಳುಗರನ್ನು ಕಟ್ಟಿಕೊಂಡ ಮೇಲೆ ಮಾತಿಗೆ ಕೂತದ್ದರಿಂದ ಇದು ಸಾಧ್ಯವಾಯಿತು. ಮೊದಲ ದಿನವೇ ಕೇಳಿದ್ದರೆ ಯಾರೂ ಕೊಡುತ್ತಿರಲಿಲ್ಲ. ವಕೀಲ ಬರ್ಟಿಸ್ ಡೌನ್ಸ್ ಆರಂಭದ ವರ್ಷಗಳಿಂದಲೂ ಜೊತೆಗಿದ್ದುದು ಇಲ್ಲಿ ನೆನಪಿಡಬೇಕಾದ ಸಂಗತಿ.

ಕಾರ್ಯಕ್ರಮದ ಹಣಕ್ಕೂ ಒಂದು ಲೆಕ್ಕ ನೋಡಬಹುದು. ನಾಲ್ವರ ಬ್ಯಾಂಡ್‌ಗೆ ಒಂದು ಲಕ್ಷ ಸಂಭಾವನೆ ಎಂದಿಟ್ಟುಕೊಳ್ಳಿ. ಪ್ರಯಾಣ, ವಸತಿ 30,000. ಸೌಂಡ್ ಎಂಜಿನಿಯರ್ 8,000. ತಾಲೀಮಿನ ಕೋಣೆ ಬಾಡಿಗೆ 7,000. ಉಳಿದದ್ದು 55,000. ಮ್ಯಾನೇಜರ್‌ಗೆ ಶೇ 15 ಎಂಬ ಮಾತಾಗಿದೆ. ಯಾವುದರ ಮೇಲೆ? ಒಟ್ಟು ಮೊತ್ತದ ಮೇಲಾದರೆ 15,000; ಖರ್ಚು ಕಳೆದದ್ದರ ಮೇಲಾದರೆ 8,250. ಒಂದೇ ಪದ ಬರೆಯದೆ ಬಿಟ್ಟದ್ದಕ್ಕೆ ಪ್ರತಿ ಕಾರ್ಯಕ್ರಮಕ್ಕೂ 6,750 ರೂಪಾಯಿ ವ್ಯತ್ಯಾಸ. ತಂತಿ, ಕೇಬಲ್, ಮುಂದಿನ ರೆಕಾರ್ಡಿಂಗ್‌ಗೆಂದು ಬ್ಯಾಂಡ್‌ನ ಖಾತೆಗೂ ಒಂದಿಷ್ಟು ಹೋದರೆ ‘ಲಕ್ಷದ ಕಾರ್ಯಕ್ರಮ’ದಲ್ಲಿ ಗಾಯಕರ ಕೈಗೆ ಬರುವುದು ಎಂಟರಿಂದ ಹತ್ತು ಸಾವಿರ.

## ಗಂಟಲಿನ ಲೆಕ್ಕ

ಗಿಟಾರ್ ತಂತಿ ಹೋದರೆ ಬದಲಿಸಬಹುದು. ಧ್ವನಿತಂತುಗಳು ಎರಡೇ, ಬದಲಿ ಇಲ್ಲ. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎದುರುಬದುರಾಗಿರುವ ಈ ಎರಡು ಮಡಿಕೆಗಳು ಉಸಿರು ಹಾದಾಗ ಒಂದಕ್ಕೊಂದು ತಾಗಿ ಕಂಪಿಸುತ್ತವೆ. ಮಾತಿನಲ್ಲಿ ಗಂಡಸರಿಗೆ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಿಗೆ ಸುಮಾರು 200 ಸಲ. ಹಾಡುವಾಗ ಇನ್ನೂ ಹೆಚ್ಚು. ಸರಾಸರಿ 300 ಎಂದಿಟ್ಟರೂ, ಒಂದು ಹಾಡಿನಲ್ಲಿ ಎರಡೂವರೆ ನಿಮಿಷ ದನಿ ಹೊರಟರೆ 45,000 ಸಲ ತಾಗುತ್ತವೆ. ಹದಿನೈದು ಹಾಡಿಗೆ 6,75,000. ಇದು ಒಂದು ಸಂಜೆಯ ಲೆಕ್ಕ.

ಹಾರೆ ಹಿಡಿದ ಅಂಗೈ ಜಡ್ಡುಗಟ್ಟುವಂತೆ, ಬಲವಂತದಿಂದ ಹಾಡಿದರೆ ಈ ಮಡಿಕೆಗಳ ನಡುಭಾಗದಲ್ಲಿ ಎರಡೂ ಕಡೆ ಸಣ್ಣ ಗಂಟುಗಳೇಳುತ್ತವೆ. ಆಗ ಮಡಿಕೆಗಳು ಪೂರ್ತಿ ಮುಚ್ಚುವುದಿಲ್ಲ, ಸಂದಿನಲ್ಲಿ ಗಾಳಿ ಸೋರುತ್ತದೆ. ಮೊದಲ ಲಕ್ಷಣ ಒರಟು ದನಿಯಲ್ಲ. ಮೇಲಿನ ಸ್ವರವನ್ನು ಮೆಲ್ಲಗೆ ಹಾಡಲು ಆಗದಿರುವುದು. ಜೋರಾಗಿ ಹಾಡಿದರೆ ಬರುತ್ತದೆ, ಮೆಲ್ಲಗೆ ಹಾಡಿದರೆ ಒಡೆಯುತ್ತದೆ. ಹೀಗಾದಾಗ ಇನ್ನೂ ಜೋರಾಗಿ ಹಾಡಿ ದಾಟಿಸಿಕೊಳ್ಳುವವರೇ ಹೆಚ್ಚು, ಗಂಟು ಬಲಿಯುವುದು ಅದರಿಂದಲೇ. ದನಿ ಕೆಟ್ಟು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಇ.ಎನ್.ಟಿ. ವೈದ್ಯರಲ್ಲಿ ಕ್ಯಾಮೆರಾ ಇಟ್ಟು ನೋಡಿಸಬೇಕು.

ಕಲ್ಲುಸಕ್ಕರೆ, ಕಾಳುಮೆಣಸು, ಜೇನುತುಪ್ಪ ಗಂಟಲಿಗೆ ಹಿತ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುವನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಕೆಮ್ಮು ಬಂದು ಉಸಿರು ಕಟ್ಟುತ್ತದೆ. ಅಲ್ಲಿಯವರೆಗೆ ನೇರವಾಗಿ ತಲುಪುವುದು ಹಬೆ ಮಾತ್ರ. ಕುಡಿದ ನೀರು ರಕ್ತದ ಮೂಲಕ ನಿಧಾನವಾಗಿ ತಲುಪುವುದರಿಂದ ವೇದಿಕೆ ಹತ್ತುವ ಮುಂಚೆ ಬಾಟಲಿ ಖಾಲಿ ಮಾಡಿ ಉಪಯೋಗವಿಲ್ಲ, ಬೆಳಗಿನಿಂದಲೇ ಕುಡಿಯುತ್ತಿರಬೇಕು. ಪಿಸುಮಾತು ವಿಶ್ರಾಂತಿಯಲ್ಲ, ಒತ್ತಿ ಪಿಸುಗುಟ್ಟಿದರೆ ಗಂಟಲಿನ ಸ್ನಾಯುಗಳಿಗೆ ಇನ್ನಷ್ಟು ಬಿಗಿ. ಪದೇ ಪದೇ ಗಂಟಲು ಕೆರೆದು ಸರಿಮಾಡಿಕೊಳ್ಳುವುದೂ ಪೆಟ್ಟೇ. ಕಾರ್ಯಕ್ರಮದ ಮುಂಚೆ 15ರಿಂದ 20 ನಿಮಿಷ ದನಿ ಹದ ಮಾಡಿಕೊಳ್ಳಬೇಕು: ತೆಳ್ಳನೆಯ ಸ್ಟ್ರಾ ಬಾಯಲ್ಲಿಟ್ಟು ‘ಊ’ಕಾರದಲ್ಲಿ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರುವುದು ಸರಳವೂ ಸುರಕ್ಷಿತವೂ ಆದ ಅಭ್ಯಾಸ. ಆಸ್ಪಿರಿನ್‌ನಂಥ ಮಾತ್ರೆ ನುಂಗಿ ನೋವು ಮರೆತು ಹಾಡುವುದು ಅಪಾಯ. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಮಡಿಕೆಯೊಳಗಿನ ಕೂದಲೆಳೆಯ ರಕ್ತನಾಳ ಒಡೆದರೆ ಕ್ಷಣದಲ್ಲಿ ದನಿ ಹೋಗಬಹುದು.

ಗಾಯಕರ ಗಂಟಲು ಕೆಡುವುದಕ್ಕೆ ಒಂದು ದೊಡ್ಡ ಕಾರಣ, ತಮ್ಮ ದನಿ ತಮಗೆ ಕೇಳಿಸದಿರುವುದು. ಸುತ್ತ ಸದ್ದು ಹೆಚ್ಚಾದಂತೆ ಮನುಷ್ಯರು ತಮಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾರೆ. ಸಂತೆಯಲ್ಲಿ ಮಾತಾಡುವಾಗ ಎಲ್ಲರೂ ಕೂಗುವುದು ಇದಕ್ಕೇ. ಆದ್ದರಿಂದ ವೇದಿಕೆಯ ಮುಂಭಾಗದಲ್ಲಿ ಗಾಯಕರ ಕಡೆ ಮುಖಮಾಡಿ ಇಡುವ ಮಾನಿಟರ್ ಸ್ಪೀಕರ್ ಐಷಾರಾಮವಲ್ಲ, ಔಷಧ. ಸಾಮಾನ್ಯವಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ಮುಂದಿನ ಸದ್ದನ್ನು ಹೆಚ್ಚು, ಹಿಂದಿನದನ್ನು ತೀರಾ ಕಡಿಮೆ ಹಿಡಿಯುತ್ತದೆ. ಮೈಕ್‌ನ ಬಾಲ ಮಾನಿಟರ್ ಕಡೆ ತಿರುಗಿರುವಂತೆ ನಿಂತರೆ ಕಿವಿ ಸೀಳುವ ಶಿಳ್ಳೆ ಬರುವುದಿಲ್ಲ. ಮೈಕ್‌ನ ಬಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವುದು ನೋಡಲು ಚೆಂದ, ಆದರೆ ಹಿಂಬದಿಯ ಕಿಂಡಿಗಳು ಮುಚ್ಚಿ ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯತೊಡಗುತ್ತದೆ. ಶಿಳ್ಳೆ ಶುರುವಾಗುತ್ತದೆ, ಸೌಂಡ್‌ನವರು ದನಿ ಇಳಿಸುತ್ತಾರೆ, ಗಾಯಕರು ಇನ್ನೂ ಕೂಗುತ್ತಾರೆ.

ಬಾಯಿಗೂ ಮೈಕ್‌ಗೂ ಎರಡು ಬೆರಳಿನ ಅಂತರ ಸಾಕು. ಇನ್ನೂ ಹತ್ತಿರವಾದರೆ ದನಿ ಮಂದ್ರದಲ್ಲಿ ಗುಂಯ್‌ಗುಡುತ್ತದೆ. ಅತಿ ಜೋರಿನ ಸಾಲಿಗೆ ಒಂದು ಗೇಣು ಹಿಂದೆ. ಕಾರ್ಯಕ್ರಮದ ಮುಂಚೆ ಮೈಕ್, ಸ್ಪೀಕರ್ ಹೊಂದಿಸಿಕೊಳ್ಳುವ ಸೌಂಡ್ ಚೆಕ್‌ನಲ್ಲಿ ‘ಹಲೋ, ಚೆಕ್’ ಎಂದರೆ ಎಂಜಿನಿಯರ್‌ಗೆ ಏನೂ ತಿಳಿಯದು. ಆ ದಿನದ ಅತಿ ಜೋರಿನ ಸಾಲನ್ನೂ ಅತಿ ಮೆಲ್ಲನೆಯ ಸಾಲನ್ನೂ ಕಾರ್ಯಕ್ರಮದಲ್ಲಿ ಹಾಡುವಷ್ಟೇ ದನಿಯಲ್ಲಿ ಒಂದೊಂದು ಸಲ ಹಾಡಿ ತೋರಿಸಬೇಕು. ಡ್ರಮ್‌ನಿಂದ ಶುರುಮಾಡಿ ಗಾಯನಕ್ಕೆ ಬರುವಷ್ಟರಲ್ಲಿ ಸಮಯ ಮುಗಿದಿರುವುದೇ ಹೆಚ್ಚು, ಹಾಗಾಗಿ ಗಾಯಕರ ಮಾನಿಟರ್ ಮೊದಲು ಎಂದು ಮುಂಚೆಯೇ ಹೇಳಿಟ್ಟರೆ ಒಳ್ಳೆಯದು. ಕಿವಿಯ ಕಾಳಜಿಯೂ ಇರಲಿ: 100 ಡೆಸಿಬೆಲ್ ಸದ್ದಿನಲ್ಲಿ ಸುರಕ್ಷಿತವೆಂದು ಎಣಿಸುವ ಅವಧಿ ದಿನಕ್ಕೆ 15 ನಿಮಿಷ ಮಾತ್ರ.

## ಶರೀಫರ ಪದ ಹಾಡುವ ಮುನ್ನ

ಕನ್ನಡದ ಬ್ಯಾಂಡ್‌ಗಳಿಗೆ ತತ್ವಪದ, ಭಾವಗೀತೆಗಳ ಮೇಲೆ ಪ್ರೀತಿ. ಇಲ್ಲಿ ನಕ್ಷೆ ಮತ್ತು ಮನೆಯ ವ್ಯತ್ಯಾಸ ತಕ್ಷಣ ಕೆಲಸಕ್ಕೆ ಬರುತ್ತದೆ. ಸಾಹಿತ್ಯಕ್ಕೂ ಸಂಗೀತಕ್ಕೂ ಕೃತಿಸ್ವಾಮ್ಯ ಇರುವುದು ಕರ್ತೃವಿನ ಜೀವಿತಕಾಲ, ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಯಾರು ಬೇಕಾದರೂ ಹಾಡಬಹುದಾದವು. ಆದರೆ ನಮ್ಮ ಕಿವಿಯಲ್ಲಿ ಉಳಿದಿರುವ ಎಷ್ಟೋ ಧಾಟಿಗಳು ಸಿ. ಅಶ್ವತ್ಥ್ ಸಂಯೋಜಿಸಿದವು, ಅವರು ತೀರಿಕೊಂಡದ್ದು 2009ರಲ್ಲಿ, ಆ ಧಾಟಿಗಳ ಹಕ್ಕು 2069ರ ಕೊನೆಯವರೆಗೆ. ಪದ ಬಳಸಿ ಸ್ವಂತ ಧಾಟಿ ಕಟ್ಟಿದರೆ ಸರಿ. ಅದೇ ಧಾಟಿ ಬೇಕೆಂದರೆ ಅನುಮತಿ ಬೇಕು. ಬೇಂದ್ರೆಯವರ ಸಾಹಿತ್ಯದ ಹಕ್ಕು 2041ರ ಕೊನೆಯವರೆಗೆ, ಕುವೆಂಪು ಅವರದು 2054ರ ಕೊನೆಯವರೆಗೆ.

ಕೃತಿಸ್ವಾಮ್ಯ ಕಾಯಿದೆಗೆ ಆದ 2012ರ ತಿದ್ದುಪಡಿ ಇಲ್ಲಿಯ ಬರಹಗಾರರಿಗೂ ಸಂಯೋಜಕರಿಗೂ ಒಂದು ರಕ್ಷೆ ಕೊಟ್ಟಿತು. ರಾಯಲ್ಟಿಯಲ್ಲಿ, ಅಂದರೆ ಹಾಡು ಬಳಕೆಯಾದಾಗ ಬರುವ ಹಣದಲ್ಲಿ, ತಮಗೆ ಸೇರಬೇಕಾದ ಸಮಪಾಲನ್ನು ಅವರು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಬೇರೆಯವರಿಗೆ ಬರೆದುಕೊಡುವಂತಿಲ್ಲ. ಬರೆದುಕೊಟ್ಟರೂ ಅದು ಊರ್ಜಿತವಲ್ಲ. ಆದರೆ ಹಣ ತಾನಾಗಿ ಮನೆಗೆ ಬರುವುದಿಲ್ಲ. ಹಾಡು ಸ್ಟ್ರೀಮಿಂಗ್‌ಗೆ ಏರಿಸುವ ವಿತರಕ ಸಂಸ್ಥೆಗಳು ತರುವುದು ಸಾಮಾನ್ಯವಾಗಿ ಮಾಸ್ಟರ್‌ನ ಹಣ ಮಾತ್ರ. ಕೃತಿಯ ಹಣಕ್ಕೆ ಐ.ಪಿ.ಆರ್.ಎಸ್. (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಎಂಬ ಕೃತಿಸ್ವಾಮ್ಯ ಸಂಘದಲ್ಲಿ ಸದಸ್ಯರಾಗಿ, ಪ್ರತಿ ಹಾಡನ್ನೂ ಸ್ಪ್ಲಿಟ್ ಶೀಟ್‌ನಲ್ಲಿರುವ ಪಾಲುಗಳ ಸಮೇತ ನೋಂದಾಯಿಸಬೇಕು. ಪಾಲುಗಳು ಕೂಡಿದರೆ ನೂರಾಗದಿದ್ದರೆ, ಇಬ್ಬರು ಬೇರೆ ಬೇರೆ ಅಂಕಿ ತುಂಬಿದ್ದರೆ, ಹಣ ತಡೆಹಿಡಿಯಲ್ಪಡುತ್ತದೆ. ಪ್ರತಿ ಮುದ್ರಣಕ್ಕೂ ಐ.ಎಸ್.ಆರ್.ಸಿ. ಎಂಬ 12 ಅಕ್ಷರ-ಅಂಕಿಗಳ ಗುರುತು ಸಿಗುತ್ತದೆ. ವಿತರಕರನ್ನು ಬದಲಿಸುವಾಗ ಹಳೆಯ ಗುರುತನ್ನೇ ಕೊಡಬೇಕು. ಹೊಸದು ತೆಗೆದುಕೊಂಡರೆ ಆ ಹಾಡು ಹೊಸ ಹಾಡೆಂದೇ ಎಣಿಕೆಯಾಗಿ, ಅದುವರೆಗಿನ ಕೇಳುಗರ ಲೆಕ್ಕ ಕೈತಪ್ಪಬಹುದು.

## ದೇಹ ಸೋತಾಗ, ಬ್ಯಾಂಡ್ ಮುಗಿದಾಗ

1989ರ ಉದ್ದದ ಪ್ರವಾಸದಿಂದ ಬಸವಳಿದ ಆರ್.ಇ.ಎಂ. ಮುಂದಿನ ಎರಡು ಆಲ್ಬಂಗಳಿಗೆ ಪ್ರವಾಸವನ್ನೇ ಮಾಡಲಿಲ್ಲ. ಅವರ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳು ಆ ಎರಡೇ. ಮತ್ತೆ ಹೊರಟದ್ದು 1995ರಲ್ಲಿ. ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕಾರ್ಯಕ್ರಮದ ನಡುವೆಯೇ ಬೆರ್ರಿಯವರ ಮಿದುಳಿನ ರಕ್ತನಾಳದ ಉಬ್ಬು ಒಡೆಯಿತು, ಶಸ್ತ್ರಚಿಕಿತ್ಸೆಯಿಂದ ಬದುಕಿದರು. ಜುಲೈನಲ್ಲಿ ಮಿಲ್ಸ್‌ಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ, ಆಗಸ್ಟ್‌ನಲ್ಲಿ ಸ್ಟೈಪ್‌ಗೆ ಹರ್ನಿಯಾ. ಹಾಡುವ ಬಲ ಹುಟ್ಟುವುದು ಹೊಟ್ಟೆಯ ಸ್ನಾಯುಗಳಿಂದ. ಹರ್ನಿಯಾ ಆದ ಗಾಯಕರು ಗಂಟಲು ಸರಿಯಿದ್ದರೂ ಹಾಡಲಾರರು.

1997ರಲ್ಲಿ ಬೆರ್ರಿ ಹೊರಟು ನಿಂತರು. ತಾನು ಹೋದರೆ ಬ್ಯಾಂಡ್ ಒಡೆಯುವುದಾದರೆ ಉಳಿಯುತ್ತೇನೆ ಎಂಬ ಮಾತು ಹೇಳಿಯೇ ಹೊರಟದ್ದು. ಉಳಿದ ಮೂವರು ಮುಂದುವರಿಸಿದರು. ಹೊಸ ಹಾಡುಗಳಿಗೆ ಮೂರು ಹೆಸರು ಬಂತು. ಹಳೆಯ ಹಾಡುಗಳಲ್ಲಿ ನಾಲ್ಕು ಹಾಗೆಯೇ ಉಳಿದವು. ಅದಕ್ಕಾಗಿ ಕೋರ್ಟಿಗೆ ಹೋಗುವ ಪ್ರಮೇಯ ಬರಲಿಲ್ಲ, ಹಂಚಲು ಹೊಸದೇನೂ ಇರಲಿಲ್ಲ. 2011ರ ಸೆಪ್ಟೆಂಬರ್ 21ರಂದು ಬ್ಯಾಂಡ್ ಮುಗಿಯಿತೆಂದು ಪ್ರಕಟಿಸಿದಾಗಲೂ ಜಗಳದ ಸುದ್ದಿ ಇರಲಿಲ್ಲ. ಸ್ಟೈಪ್ ತಮ್ಮ ಮೊದಲ ಓದಿಗೆ ಮರಳಿ ಛಾಯಾಚಿತ್ರಗಳ ಪುಸ್ತಕಗಳನ್ನು ತಂದರು. ಸಿನಿಮಾ ನಿರ್ಮಾಣದಲ್ಲಂತೂ ಬ್ಯಾಂಡ್ ಇರುವಾಗಲೇ ತೊಡಗಿದ್ದರು. ವಾರ್ನರ್ ಕಾಲದ ಮಾಸ್ಟರ್‌ಗಳು ತಮ್ಮವೇ ಆದ್ದರಿಂದ 2015ರಲ್ಲಿ ಅವುಗಳ ಉಸ್ತುವಾರಿಯನ್ನು ಕಾನ್‌ಕಾರ್ಡ್ ಎಂಬ ಸ್ವತಂತ್ರ ಕಂಪನಿಗೆ ವಹಿಸಲು ಸಾಧ್ಯವಾಯಿತು.

ಅಮೆರಿಕದ ಕಾಯಿದೆಯಲ್ಲಿ ಕೃತಿಗೆ ಹಲವು ಕರ್ತೃಗಳಿದ್ದರೆ ಹಕ್ಕಿನ ಅವಧಿ ಎಣಿಸುವುದು ಕೊನೆಯವರು ತೀರಿಕೊಂಡ ಮೇಲೆ, ಅಲ್ಲಿಂದ 70 ವರ್ಷ. ಭಾರತದಲ್ಲೂ ಎಣಿಕೆ ಕೊನೆಯವರಿಂದಲೇ, ವರ್ಷ ಮಾತ್ರ 60. 1980ರ ದಶಕದಲ್ಲಿ ನಾಲ್ಕು ಹೆಸರಿನಲ್ಲಿ ಬರೆದಿಟ್ಟ ಹಾಡುಗಳ ಆ ಎಣಿಕೆ ಇನ್ನೂ ಶುರುವಾಗಿಲ್ಲ.